ಪೂರ್ಣವಾಗಿ ಎಚ್ಚರಗೊಳ್ಳದ ಗಣಕಯಂತ್ರ: ಲಕ್ಷಣ, ಕಾರಣ, ಪರಿಹಾರ

೨೦೨೪ನೆಯ ಇಸವಿ ಜುಲೈ ೧೯ರ ಶುಕ್ರವಾರ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಗಿ ಬಂದಿತು. ಕಲ್ಕತ್ತೆಗೆ ಹೊರಟಿದ್ದ ಇಂಡಿಗೋ ಪ್ರಯಾಣಿಕರೊಬ್ಬರ ಅಂಥ ಒಂದು ಚೀಟಿಯ ಚಿತ್ರ ದೇಶವೆಲ್ಲ ಹರಡಿತು. ಅಂದು ಜಗತ್ತಿನಾದ್ಯಂತ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ, ಸುಮಾರು ೮೫ ಲಕ್ಷ ಗಣಕಯಂತ್ರಗಳು ನೀಲಿ ತೆರೆಯನ್ನು ತೋರಿ ನಿಂತುಹೋಗಿದ್ದವು. ಮರಳಿ ಚಾಲೂ ಮಾಡಿದರೆ ಮತ್ತೆ ಅದೇ ನೀಲಿ ತೆರೆ. ವಿದ್ಯುತ್ತಿಗೆ ಕೊರತೆಯಿರಲಿಲ್ಲ, ಯಂತ್ರದ ಯಾವ ಭಾಗವೂ ಸುಟ್ಟಿರಲಿಲ್ಲ. ಆದರೂ ಯಂತ್ರವು ಪೂರ್ಣವಾಗಿ ಎಚ್ಚರಗೊಳ್ಳಲಿಲ್ಲ. ಇದರ ಕಾರಣವನ್ನರಿಯಬೇಕಾದರೆ ಗಣಕಯಂತ್ರವು ಎಚ್ಚರಗೊಳ್ಳುವ ಕ್ರಮವನ್ನು ಮೊದಲು ತಿಳಿಯತಕ್ಕದ್ದು.

ಎಷ್ಟು ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂಬುದು ನಮ್ಮ ತಾರ್ಕಿಕರ ಮಾತು. ಗಣಕಯಂತ್ರದ ತೊಡಕೂ ಇದೇ. ಕ್ರಮವಿಧಿಗಳನ್ನು ತಂದು ನಡೆಸಲು ಇನ್ನೊಂದು ಕ್ರಮವಿಧಿ ಬೇಕು, ಅದನ್ನು ತರುವವರಾರು? ಇದಕ್ಕಾಗಿ ತಯಾರಕರು ಚಿಕ್ಕದೊಂದು ಕ್ರಮವಿಧಿಯನ್ನು ಯಂತ್ರದ ಮುಖ್ಯಫಲಕದಲ್ಲಿಯೇ ಬರೆದಿಟ್ಟಿರುತ್ತಾರೆ. ಗುಂಡಿಯನ್ನೊತ್ತಿದೊಡನೆ ಅದು ಅಂಗಾಂಗಗಳನ್ನು ಪರೀಕ್ಷಿಸಿ, ಡಿಸ್ಕಿನಲ್ಲಿರುವ ಎರಡನೆಯ ಕ್ರಮವಿಧಿಯನ್ನು ಹುಡುಕಿ, ಅದಕ್ಕೆ ಅಧಿಕಾರವನ್ನೊಪ್ಪಿಸುತ್ತದೆ. ಈ ಎರಡನೆಯದು ವಿಂಡೋಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನೂ ಡ್ರೈವರುಗಳೆಂಬ ಸಹಾಯಕ ಕ್ರಮವಿಧಿಗಳನ್ನೂ ಎಬ್ಬಿಸುತ್ತದೆ. ಕೊನೆಗೆ ಗುಪ್ತಪದವನ್ನು ಕೇಳುವ ತೆರೆ ಮೂಡುತ್ತದೆ.

ಆದುದರಿಂದ ಯಂತ್ರವು ಯಾವ ಮೆಟ್ಟಿಲಿನಲ್ಲಿ ನಿಂತಿತೆಂಬುದೇ ರೋಗಪರೀಕ್ಷೆಯ ಮೊದಲ ಪ್ರಶ್ನೆ. ದೀಪವೂ ಸದ್ದೂ ಇಲ್ಲದಿದ್ದರೆ ವಿದ್ಯುತ್ ಸರಬರಾಜನ್ನು ನೋಡಬೇಕು. ಫ್ಯಾನು ತಿರುಗಿದರೂ ತೆರೆಯು ಕಪ್ಪಾಗಿಯೇ ಇದ್ದರೆ, ಅಥವಾ ಬೀಪ್ ಸದ್ದು ಮತ್ತೆ ಮತ್ತೆ ಕೇಳಿದರೆ, ರ‍್ಯಾಮ್ ಫಲಕವು ಸಡಿಲಗೊಂಡಿರುವುದುಂಟು. ಡಿಸ್ಕು ಸಿಗಲಿಲ್ಲವೆಂಬ ಸಂದೇಶ ಬಂದರೆ ಹೊರಗಿನಿಂದ ಚುಚ್ಚಿದ ಪೆನ್‌ಡ್ರೈವುಗಳನ್ನು ತೆಗೆದು ಪರೀಕ್ಷಿಸತಕ್ಕದ್ದು. ಅದರಿಂದ ಸರಿಹೋಗದಿದ್ದರೆ ಡಿಸ್ಕೇ ಕೆಟ್ಟಿರಬಹುದು. ವಿಂಡೋಸಿನ ಲಾಂಛನವು ಕಾಣಿಸಿದ ಮೇಲೆ ಯಂತ್ರವು ನಿಂತರೆ, ಕೆಳಗಿನ ಮೆಟ್ಟಿಲುಗಳು ಬಹುಮಟ್ಟಿಗೆ ದೃಢವಾಗಿವೆಯೆಂದೂ ದೋಷವು ಸಾಮಾನ್ಯವಾಗಿ ಯಾವುದೋ ಡ್ರೈವರಿನಲ್ಲಿ ಅಥವಾ ಹೊಸದಾಗಿ ಬಂದ ತಿದ್ದುಪಡಿಯಲ್ಲಿ ಇದೆಯೆಂದೂ ಊಹಿಸಬಹುದು.

೨೦೨೪ರ ಪ್ರಕರಣ ಈ ಕೊನೆಯ ವರ್ಗಕ್ಕೆ ಸೇರಿದ್ದು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ಕ್ರಮವಿಧಿಗೆ ಅಂದು ಭಾರತೀಯ ಕಾಲಮಾನ ಬೆಳಗ್ಗೆ ೯ ಗಂಟೆ ೩೯ ನಿಮಿಷಕ್ಕೆ ಹೊಸ ಕಡತವೊಂದು ಬಂದಿತು. ಆ ಕಡತವು ೨೧ ಅಂಶಗಳನ್ನು ನಿರೀಕ್ಷಿಸುತ್ತಿತ್ತು. ಕ್ರಮವಿಧಿಯು ಒದಗಿಸುತ್ತಿದ್ದುದು ೨೦ ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋದ ಕ್ರಮವಿಧಿಯು ತನಗೆ ಸಲ್ಲದ ಸ್ಮೃತಿಸ್ಥಳಕ್ಕೆ ಕೈಚಾಚಿತು. ಸಾಧಾರಣ ಕ್ರಮವಿಧಿಯಾಗಿದ್ದರೆ ಅದೊಂದೇ ಮುಚ್ಚಿಹೋಗುತ್ತಿತ್ತು. ಇದು ವ್ಯವಸ್ಥೆಯ ತಿರುಳಿನೊಳಗೆ, ಪ್ರಾರಂಭದಲ್ಲಿಯೇ ಎಚ್ಚರಗೊಳ್ಳುವ ಡ್ರೈವರ್ ಆದುದರಿಂದ ಇಡೀ ಯಂತ್ರವೇ ನಿಂತಿತು. ೧೦ ಗಂಟೆ ೫೭ ನಿಮಿಷಕ್ಕೆ ಸಂಸ್ಥೆಯು ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಎಚ್ಚರವೇ ಇಲ್ಲದ ಯಂತ್ರಕ್ಕೆ ದೂರದಿಂದ ಔಷಧವನ್ನು ಕಳುಹಿಸುವುದೆಂತು? ಕೆಲವು ಯಂತ್ರಗಳು ಮತ್ತೆ ಮತ್ತೆ ಚಾಲೂ ಮಾಡಿದಾಗ, ಕೆಡುವ ಮುನ್ನವೇ ಸರಿಯಾದ ಕಡತವನ್ನು ಪಡೆದು ಚೇತರಿಸಿಕೊಂಡವು. ಮಿಕ್ಕವುಗಳ ಬಳಿಗೆ ಮನುಷ್ಯನೇ ಹೋಗಬೇಕಾಯಿತು.

ಅವನು ಮಾಡಬೇಕಾದ ಕೆಲಸ ಅಲ್ಪವೇ. ಯಂತ್ರವನ್ನು ‘ಸೇಫ್ ಮೋಡ್’ ಎಂಬ ಸ್ಥಿತಿಯಲ್ಲಿ ಎಬ್ಬಿಸುವುದು. ಅಲ್ಲಿ ಅತ್ಯವಶ್ಯವಾದ ಡ್ರೈವರುಗಳು ಮಾತ್ರ ಎಚ್ಚರಗೊಳ್ಳುತ್ತವೆ. ಅನಂತರ ೨೯೧ ಎಂಬ ಸಂಖ್ಯೆಯನ್ನು ಹೊತ್ತ ಆ ಕಡತವನ್ನು ಅಳಿಸಿ, ಯಂತ್ರವನ್ನು ಮರಳಿ ಚಾಲೂ ಮಾಡುವುದು. ಮನೆಯ ಯಂತ್ರಗಳಿಗೂ ಇದೇ ಮಾರ್ಗ. ಸೇಫ್ ಮೋಡಿನಲ್ಲಿ ಯಂತ್ರವು ಎದ್ದರೆ, ಇತ್ತೀಚೆಗೆ ಸೇರಿಸಿದ ಡ್ರೈವರನ್ನೋ ತಿದ್ದುಪಡಿಯನ್ನೋ ತೆಗೆದುಹಾಕಿ ನೋಡಬೇಕು. ಅವಸರದಿಂದ ವಿಂಡೋಸನ್ನು ಹೊಸದಾಗಿ ಹಾಕಿಸುವುದು ಕಟ್ಟಕಡೆಯ ಉಪಾಯ. ಅದರಿಂದ ವರ್ಷಗಳ ಬರಹಗಳು ಅಳಿಸಿಹೋಗುವ ಸಂಭವವುಂಟು.

ಆದರೆ ಅಂದು ಅನೇಕ ಕಚೇರಿಗಳಲ್ಲಿ ಕೆಲಸ ತಡವಾದುದಕ್ಕೆ ಕಾರಣ ಬೇರೆ. ಡಿಸ್ಕುಗಳನ್ನು ‘ಬಿಟ್‌ಲಾಕರ್’ ಎಂಬ ಗೂಢಲಿಪಿಯ ಬೀಗದಿಂದ ಭದ್ರಪಡಿಸಿದ್ದರು. ಅದನ್ನು ತೆರೆಯಲು ೪೮ ಅಂಕಿಗಳ ಸಂಖ್ಯೆ ಬೇಕು. ಆ ಸಂಖ್ಯೆಗಳನ್ನಿರಿಸಿದ್ದ ಯಂತ್ರವೇ ನಿದ್ದೆಹೋಗಿದ್ದರೆ, ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗುವುದು. ಇಂದಿನ ಅನೇಕ ಹೊಸ ಯಂತ್ರಗಳಲ್ಲಿ ಈ ಬೀಗವು ಒಡೆಯನು ಕೇಳದೆಯೇ ಬಿದ್ದಿರುವುದುಂಟು. ಬ್ಯಾಂಕುಗಳಲ್ಲಿ ಭದ್ರಕೋಣೆಯ ನಕಲು ಕೀಲಿಕೈಗಳನ್ನು ಅದೇ ಶಾಖೆಯಲ್ಲಿರಿಸದೆ ಬೇರೊಂದು ಶಾಖೆಯ ವಶದಲ್ಲಿಡುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಗಣಕಯಂತ್ರವುಳ್ಳ ಪ್ರತಿಯೊಬ್ಬರೂ ಅದನ್ನು ಅನುಸರಿಸತಕ್ಕದ್ದು: ಆ ೪೮ ಅಂಕಿಗಳನ್ನು ಕಾಗದದ ಮೇಲೆ ಬರೆದು ಯಂತ್ರದಿಂದ ದೂರವಿಡಬೇಕು; ಬರಹಗಳ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿರಬೇಕು. ಶಂಷಾಬಾದಿನಲ್ಲಿ ಅಂದು ಪ್ರಯಾಣಿಕರಿಗೆ ಒದಗಿಬಂದದ್ದೂ ಕಾಗದ, ಲೇಖನಿಗಳೇ.