ಮೃತರ ಸಾಲವೂ ವಾರಸುದಾರರ ಹೊಣೆಯೂ

ಬೆಳಗಾವಿಯ ಕೋಟೆಯ ಸುತ್ತಣ ಪೇಟೆಗಳಲ್ಲಿಯೂ, ಅಲ್ಲಿಂದ ಸುಮಾರು ಹದಿನಾರು ಮೈಲಿ ತೆಂಕಲಿಗಿರುವ ಖಾನಾಪುರದ ಹೆಂಚಿನ ಭಟ್ಟಿಗಳ ಆಸುಪಾಸಿನಲ್ಲಿಯೂ, ಮನೆಯ ಹಿರಿಯರೊಬ್ಬರು ತೀರಿಕೊಂಡ ಬಳಿಕ ಒಂದು ದೃಶ್ಯ ಕಣ್ಣಿಗೆ ಬೀಳುವುದುಂಟು. ಹದಿಮೂರನೆಯ ದಿನದ ಊಟ ಮುಗಿಯುವುದರೊಳಗಾಗಿ ಅಂಗಳದಲ್ಲಿ ಕೆಲವರು ಬಂದು ಕುಳಿತಿರುತ್ತಾರೆ. ಅವರ ಮಾತು ಮೃದುವಾಗಿರುತ್ತದೆ. "ಹೋದವರು ದೊಡ್ಡವರು, ಅವರ ಹೆಸರನ್ನು ಇನ್ನು ನೀವೇ ಉಳಿಸಬೇಕು" ಎನ್ನುತ್ತ ಒಂದು ಹಳೆಯ ಚೀಟಿಯನ್ನು ಹೊರಗೆ ತೆಗೆಯುತ್ತಾರೆ, ಅದರೊಡನೆ ಬರೆದು ಸಿದ್ಧಪಡಿಸಿದ ಹೊಸದೊಂದು ಚೀಟಿಯೂ ಇರುತ್ತದೆ. ದುಃಖದಲ್ಲಿಯೂ ನಾಚಿಕೆಯಲ್ಲಿಯೂ ಇರುವ ಮಗನೋ, ಅಣ್ಣನ ಮಗನೋ ಅದಕ್ಕೆ ಸಹಿ ಹಾಕಿಬಿಡುತ್ತಾನೆ. ಆ ಸಹಿಯ ಬೆಲೆ ಎಷ್ಟೆಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ.

ಈ ನಾಚಿಕೆ ನಮ್ಮಲ್ಲಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಋಣವನ್ನು ತೀರಿಸದೆ ಸತ್ತವನಿಗೆ ಸದ್ಗತಿಯಿಲ್ಲವೆಂದು ನಮ್ಮ ಧರ್ಮಶಾಸ್ತ್ರಗಳು ಹೇಳಿದುವು. ಆದುದರಿಂದ ತಂದೆಯ ಸಾಲವನ್ನು ಮಗನೂ, ಮಗನಿಲ್ಲದಿದ್ದರೆ ಮೊಮ್ಮಗನೂ ಸಲ್ಲಿಸತಕ್ಕದ್ದೆಂಬುದು ಯಾಜ್ಞವಲ್ಕ್ಯಸ್ಮೃತಿಯ ಮತ. ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ಇದ್ದವನು. ಹಿಂದೂದೇಶದ ಬಹುಭಾಗದ ದಾಯವಿಭಾಗಕ್ಕೆ ಆಧಾರವಾದ ಗ್ರಂಥ ಕನ್ನಡ ನೆಲದಲ್ಲಿ ಹುಟ್ಟಿತೆಂಬುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅದರೊಳಗಿನ ವಿವೇಕವನ್ನು ನೆನೆಯುವವರು ಕಡಮೆ. ಶಾಸ್ತ್ರವು ಎಲ್ಲ ಸಾಲವನ್ನೂ ಮಗನ ತಲೆಗೆ ಕಟ್ಟಲಿಲ್ಲ. ಮದ್ಯಕ್ಕಾಗಿ, ಜೂಜಿಗಾಗಿ, ಕಾಮಕ್ಕಾಗಿ ತಂದೆ ಮಾಡಿದ ಸಾಲವನ್ನೂ, ಅವನು ತೆರದೆ ಉಳಿಸಿದ ದಂಡ ಸುಂಕಗಳನ್ನೂ, ವ್ಯರ್ಥವಾಗಿ ಕೊಡುವೆನೆಂದ ದಾನವನ್ನೂ ಮಗನು ಸಲ್ಲಿಸಬೇಕಾಗಿಲ್ಲ. ಮಗನಿಗೆ ಬಡ್ಡಿಯೂ ಸೇರಿದರೆ, ಮೊಮ್ಮಗನಿಗೆ ಅಸಲು ಮಾತ್ರ. ಇನ್ನು ಮಗನಲ್ಲದವನ ಮಾತೋ? ಮೃತನ ಸ್ವತ್ತನ್ನು ಯಾವನು ಕೈಕೊಂಡನೋ ಅವನೇ ಸಾಲವನ್ನು ಕೊಡಲಿ, ಹಾಗೆಯೇ ಅವನ ಹೆಂಡತಿಯನ್ನು ಕೈಹಿಡಿದವನೂ ಕೊಡಲಿ ಎಂದು ಸ್ಮೃತಿಕಾರನ ಕಟ್ಟಳೆ.

ಬೆಳಗಾವಿಯ ಸೀಮೆ 1956ನೆಯ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವುದಕ್ಕೆ ಮುಂಚೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮುಂಬಯಿಯ ನ್ಯಾಯಸ್ಥಾನಗಳು ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಈ ಶಾಸ್ತ್ರವನ್ನು ಅಕ್ಷರಶಃ ಹಿಡಿದುವು. ತಂದೆ ಒಂದು ಕಾಸಿನ ಸ್ವತ್ತನ್ನು ಬಿಡದೆ ಸತ್ತಿದ್ದರೂ ಮಗನು ತನ್ನ ದುಡಿಮೆಯಿಂದ ಸಾಲ ತೀರಿಸಬೇಕೆಂದುವು. ಬೇರೆ ಪ್ರಾಂತಗಳಲ್ಲಿ ಇಷ್ಟು ಕಾಠಿಣ್ಯವಿರಲಿಲ್ಲ. ಕಡೆಗೆ 1866ರಲ್ಲಿ ಮುಂಬಯಿ ಸರಕಾರವು ಹಿಂದೂ ವಾರಸುದಾರರಿಗೆ ಉಪಶಮನ ಕೊಡುವ ಶಾಸನವೊಂದನ್ನು ಮಾಡಿತು: ಮಗನೆಂಬ, ಮೊಮ್ಮಗನೆಂಬ ಕಾರಣವೊಂದರಿಂದಲೇ ಯಾರೂ ಹೊಣೆಯಲ್ಲ, ಮೃತನ ಸ್ವತ್ತು ಕೈಗೆ ಬಂದಷ್ಟಕ್ಕೆ ಮಾತ್ರ ಹೊಣೆ. ವಿಧವೆಯನ್ನು ಮದುವೆಯಾದವನಿಗೆ ಆಕೆಯ ಮೊದಲ ಗಂಡನ ಸಾಲ ತಗಲದೆಂದೂ ಅದೇ ಶಾಸನ ಸ್ಪಷ್ಟಪಡಿಸಿತು. ವಿಧವಾವಿವಾಹ ಶಾಸನಸಮ್ಮತವಾದುದು 1856ರಲ್ಲಿ. ಹತ್ತು ವರ್ಷಗಳ ಮೇಲೆ ಈ ಅಡ್ಡಿಯೂ ಹೋಯಿತು.

ಹಾಗಿದ್ದರೂ ಪಿತ್ರಾರ್ಜಿತವಾದ ಅವಿಭಕ್ತ ಸ್ವತ್ತಿನಲ್ಲಿ ಮಗನಿಗಿದ್ದ ಪಾಲು ತಂದೆಯ ಸಾಲಕ್ಕೆ ಗುರಿಯಾಗುವುದು ಬಹುಕಾಲ ನಡೆದೇ ಇತ್ತು. 2005ನೆಯ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರದ ತಿದ್ದುಪಡಿ ಅದನ್ನೂ ನಿಲ್ಲಿಸಿತು. ಧರ್ಮಋಣವೆಂಬ ಒಂದೇ ಆಧಾರದ ಮೇಲೆ ಮಗ, ಮೊಮ್ಮಗ, ಮರಿಮಗ ಇವರ ಮೇಲೆ ಸಾಲಗಾರನಿಗೆ ಹಕ್ಕುಂಟೆಂದು ಈಗ ನ್ಯಾಯಸ್ಥಾನ ಒಪ್ಪದು. ಆ ದಿನಕ್ಕೆ ಹಿಂದಿನ ಸಾಲಗಳಿಗೆ ಮಾತ್ರ ಹಳೆಯ ನ್ಯಾಯವೇ ಉಳಿಯಿತು.

ಇಷ್ಟು ಪೀಠಿಕೆಯಾದ ಮೇಲೆ ಒಂದು ಕಲ್ಪಿತ ಸಂಸಾರವನ್ನು ಮುಂದಿಟ್ಟುಕೊಳ್ಳೋಣ. ಖಾನಾಪುರದಲ್ಲಿ ಹೆಂಚಿನ ಭಟ್ಟಿ ನಡೆಸುತ್ತಿದ್ದ, ಹೆಂಡತಿ ಮಕ್ಕಳಿಲ್ಲದ ಕಾಕಾ ಒಬ್ಬರು ಮರಣಪತ್ರ ಬರೆಯದೆ ತೀರಿಹೋದರು. ಉಳಿದ ವಾರಸುದಾರನೆಂದರೆ ಬೆಳಗಾವಿಯಲ್ಲಿ ಉಪಾಧ್ಯಾಯನಾಗಿರುವ ಅಣ್ಣನ ಮಗನೊಬ್ಬನೇ. ಭಟ್ಟಿಯ ಜಾಗಕ್ಕೆ 8 ಲಕ್ಷ ರೂಪಾಯಿ ಬೆಲೆ; ಅದರ ಮೇಲೆ ಬ್ಯಾಂಕಿಗೆ 5 ಲಕ್ಷ ಅಡವು. ಭತ್ತದ ಗದ್ದೆಗೆ 4 ಲಕ್ಷ. ಅದರ ಮೇಲೆ ಪತ್ತಿನ ಸಂಘದ 1 ಲಕ್ಷ. ಹೆಂಚು ಒಯ್ದವರಿಂದ ಬರಬೇಕಾದುದು 1 ಲಕ್ಷ. ಇತ್ತ ಕೈಗಡವಾಗಿ ತಂದುದು 12 ಲಕ್ಷ. ಉತ್ತರಕ್ರಿಯೆಯ ವೆಚ್ಚವೂ ಭಟ್ಟಿಯ ಆಳುಗಳಿಗೆ ಕೊಡದೆ ನಿಂತ ಕೂಲಿಯೂ ಸೇರಿ 1 ಲಕ್ಷ.

ಉಪಾಧ್ಯಾಯನು ಹೆದರುತ್ತಾನೆ. ಅವನಿಗೊಂದು ಸ್ವಂತ ಮನೆಯುಂಟು, ಸಂಬಳವುಂಟು. ಅವೆಲ್ಲ ಹೋಗುವುವೇನೋ ಎಂದು ಅವನ ಹೆಂಡತಿಯೂ ಕೇಳುತ್ತಾಳೆ. ಹೋಗುವುದಿಲ್ಲ. 1908ರ ದಿವಾಣಿ ವ್ಯವಹಾರ ಸಂಹಿತೆಯ 50ನೆಯ ಮತ್ತು 52ನೆಯ ಕಲಮುಗಳ ಪ್ರಕಾರ, ಸತ್ತವನ ಸಾಲಕ್ಕಾಗಿ ವಾರಸುದಾರನ ಮೇಲೆ ಆಗುವ ಡಿಕ್ರಿಯು ಸತ್ತವನಿಂದ ಬಂದ ಸ್ವತ್ತಿನ ಮಟ್ಟಿಗೆ ಮಾತ್ರ ನಡೆಯುತ್ತದೆ. ಏನನ್ನೂ ಪಡೆಯದವನಿಗೆ ಹೊಣೆಯೂ ಇಲ್ಲ.

ಅಡವಿನ ಸಾಲ ಆಯಾ ಸ್ವತ್ತಿಗೇ ಅಂಟಿಕೊಂಡಿರುತ್ತದೆ. ಹೀಗಾಗಿ ಬ್ಯಾಂಕು, ಸಂಘಗಳ ಪಾಲು ಕಳೆದರೆ ಭಟ್ಟಿಯಲ್ಲಿ 3, ಗದ್ದೆಯಲ್ಲಿ 3, ಬರಬೇಕಾದ ಬಾಕಿ 1, ಒಟ್ಟು 7 ಲಕ್ಷ ಉಳಿಯಿತು. ಮುಂದಿನ ಕ್ರಮವನ್ನು 1925ರ ಭಾರತೀಯ ಉತ್ತರಾಧಿಕಾರ ಶಾಸನದಲ್ಲಿ ನೋಡಬೇಕು. ಮರಣಪತ್ರದ ನಿರ್ವಾಹಕರಿಗೂ ನ್ಯಾಯಸ್ಥಾನ ನೇಮಿಸಿದ ಆಡಳಿತಗಾರರಿಗೂ ಹೇಳಿದ ಕ್ರಮವದು. ಸಾಮಾನ್ಯ ವಾರಸುದಾರನೂ ಅದನ್ನನುಸರಿಸಿದರೆ ಕ್ಷೇಮ. ಮೊದಲು ಉತ್ತರಕ್ರಿಯೆಯ ಯೋಗ್ಯವಾದ ವೆಚ್ಚ. ಬಳಿಕ ವ್ಯವಹಾರದ ಖರ್ಚು. ಆಮೇಲೆ, ಮರಣಕ್ಕೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೂಲಿಯಾಳು, ಕಸಬುದಾರ, ಮನೆಯಾಳು ಇವರ ಸಂಬಳ. ಉಳಿದ ಸಾಲಗಾರರೆಲ್ಲ ಸಮಾನರು. ಇದ್ದುದರಲ್ಲಿ ಪ್ರಮಾಣದಂತೆ ಹಂಚಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ 1 ಲಕ್ಷ ಹೋಗಿ 6 ಲಕ್ಷ ನಿಂತಿತು. 12 ಲಕ್ಷದ ಕೈಗಡದವರಿಗೆ ರೂಪಾಯಿಗೆ ಎಂಟಾಣೆ ಸಂದಿತು. ಮಿಕ್ಕ ಎಂಟಾಣೆ ಅವರ ನಷ್ಟ.

ಇಲ್ಲಿ ನಮ್ಮದೊಂದು ಮಾತು. ಹದಿಮೂರನೆಯ ದಿನ ಅಂಗಳದಲ್ಲಿ ಬಂದು ಕೂರುವವರು ಗಟ್ಟಿಗರು. ಭಟ್ಟಿಯಲ್ಲಿ ಮಣ್ಣು ತುಳಿದ ಹೆಂಗಸು ಬರುವುದಿಲ್ಲ, ಬಂದರೂ ಬಾಗಿಲ ಹೊರಗೆ ನಿಲ್ಲುತ್ತಾಳೆ. ಮನೆತನದ ಮರ್ಯಾದೆಗೆಂದು ಮೊದಲು ಕೇಳಿದವನಿಗೆ ಪೂರ್ತಿ ತೆತ್ತರೆ, ಆ ಮರ್ಯಾದೆಯ ಖರ್ಚು ಅವಳ ಕೂಲಿಯಿಂದ ಹೋಗುತ್ತದೆ. ಕಾಕಾನ ಋಣವನ್ನೆಲ್ಲ ತನ್ನ ಸಂಬಳದಿಂದಲೇ ತೀರಿಸುವೆನೆಂಬ ಸತ್ಪುರುಷನನ್ನು ಕಾನೂನು ತಡೆಯದು, ನಾವೂ ತಡೆಯೆವು. ಆದರೆ ಅದನ್ನವನು ಅರಿತು ಮಾಡಲಿ, ಆಳುಗಳ ಕೂಲಿ ಸಂದ ಮೇಲೆ ಮಾಡಲಿ.

ಈಗ ಆ ಹೊಸ ಚೀಟಿಯ ವಿಷಯ. ಅದಕ್ಕೆ ಸಹಿ ಹಾಕಿದ ಗಳಿಗೆಯಿಂದ ಸಾಲವು ಕಾಕಾನದಾಗಿ ಉಳಿಯದೆ ಉಪಾಧ್ಯಾಯನದಾಗುತ್ತದೆ. ಸ್ವತ್ತಿನ ಮಿತಿಯೆಂಬ ರಕ್ಷೆ ಕಳಚಿಬೀಳುತ್ತದೆ. ಕೇಳಿದಾಗ ಕೊಡತಕ್ಕ ಪ್ರಾಮಿಸರಿ ನೋಟಿಗೆ ಬರೆದ ತಾರೀಖಿನಿಂದ ಮೂರು ವರ್ಷ ವಾಯಿದೆ. ವಾಯಿದೆ ಮೀರಿ ಸತ್ತುಹೋಗಿದ್ದ ಚೀಟಿಗೂ ಹೊಸ ಬರಹ ಜೀವ ಕೊಡಬಲ್ಲುದು. ಸಾಲ ಕೊಟ್ಟವನು ಬಡ್ಡಿವ್ಯಾಪಾರಿಯಾಗಿದ್ದರೆ ಅವನಿಗೆ ಪರವಾನಗಿ ಇದ್ದಿತೇ ಎಂದೂ ವಿಚಾರಿಸಬೇಕು. 1961ರ ಕರ್ನಾಟಕದ ಲೇವಾದೇವಿಗಾರರ ಶಾಸನದಂತೆ ಪರವಾನಗಿಯಿಲ್ಲದವನಿಗೆ ಡಿಕ್ರಿ ದೊರೆಯದು. ಹಳೆಯ ಮುಂಬಯಿ ಪ್ರಾಂತದಲ್ಲಿ ದಾಮದುಪ್ಪಟ್ಟೆಂಬ ನ್ಯಾಯವೂ ನಡೆಯುತ್ತಿತ್ತು: ಒಂದು ಸಲಕ್ಕೆ ವಸೂಲಾಗುವ ಬಡ್ಡಿ ಅಸಲನ್ನು ಮೀರಕೂಡದು. ಹಿಂದಿನವರಿಗೆ ಬಡ್ಡಿಯ ಸ್ವಭಾವ ಚೆನ್ನಾಗಿ ಗೊತ್ತಿದ್ದಿತು.

ಕಾಕಾ ಬದುಕಿದ್ದಾಗಲೇ ಉಪಾಧ್ಯಾಯನು ಜಾಮೀನು ನಿಂತಿದ್ದರೆ ಸಂಗತಿ ಬೇರೆ. ಅಲ್ಲಿ ಅವನ ಹೊಣೆ ಅವನದೇ. ಅದಕ್ಕಿಂತ ಹೆಚ್ಚಾಗಿ ಜನರು ಜಾರಿಬೀಳುವ ಸ್ಥಳ ಇನ್ನೊಂದಿದೆ. ಸಾಲಗಾರರು ಎಚ್ಚರಗೊಳ್ಳುವ ಮುಂಚೆ ಗದ್ದೆಯನ್ನು ಮಾರಿ ಹಣವನ್ನು ಮನೆಖರ್ಚಿಗೆ ಬಳಸಿದವನಿಗೂ, ಭಾವಮೈದುನನ ಹೆಸರಿಗೆ ಬರೆದಿಟ್ಟವನಿಗೂ ಸಂಹಿತೆ ಕ್ಷಮೆ ತೋರದು. ಕೈಗೆ ಬಂದ ಸ್ವತ್ತನ್ನು ಸರಿಯಾಗಿ ವಿನಿಯೋಗಿಸಿದೆನೆಂದು ನ್ಯಾಯಸ್ಥಾನಕ್ಕೆ ತೋರಿಸಿಕೊಡುವ ಭಾರ ವಾರಸುದಾರನ ಮೇಲಿದೆ. ತೋರಿಸಲಾರದೆ ಹೋದರೆ ಅಷ್ಟರ ಮಟ್ಟಿಗೆ ಡಿಕ್ರಿಯು ಅವನ ಸ್ವಂತದ ಮೇಲೆಯೇ ನಡೆಯುತ್ತದೆ. ಆಗ ಅವನ ಮನೆಗೂ ಜಪ್ತಿ ಬಂದೀತು.

ಎಲ್ಲ ಹಣವೂ ಸಾಲಗಾರರ ಪಾಲಲ್ಲವೆಂಬುದನ್ನು ವಿಧವೆಯರು ಮುಖ್ಯವಾಗಿ ತಿಳಿದಿರಬೇಕು. ಕಾರ್ಮಿಕರ ಭವಿಷ್ಯನಿಧಿಯಲ್ಲಿ ನಾಮನಿರ್ದೇಶಿತರಿಗೆ ಸಲ್ಲುವ ಮೊಬಲಗನ್ನು 1952ರ ಶಾಸನವು ಮೃತನ ಸಾಲದಿಂದ ಬಿಡಿಸಿದೆ. ಗಂಡನು 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಶಾಸನದಂತೆ ಹೆಂಡತಿ ಮಕ್ಕಳ ಹಿತಕ್ಕೆಂದು ಮಾಡಿಸಿದ ವಿಮೆಯೂ ಸಾಮಾನ್ಯವಾಗಿ ಸಾಲಗಾರರ ಕೈಗೆ ಎಟುಕದು.

ಮುಸಲ್ಮಾನರಲ್ಲಿ ಅಂತ್ಯಸಂಸ್ಕಾರ, ಸಾಲ, ಮೂರರಲ್ಲೊಂದು ಪಾಲು ಮೀರದ ವಸೀಯತ್ತು, ಕಡೆಗೆ ವಾರಸುದಾರರು ಎಂಬ ಕ್ರಮ. ಪ್ರತಿಯೊಬ್ಬನೂ ತನ್ನ ಪಾಲಿನ ಪ್ರಮಾಣದಲ್ಲಿ ಹೊಣೆ. ಖಾನಾಪುರ ತಾಲ್ಲೂಕಿನ ಪಡುವಣ ಗಡಿ ದಾಟಿ ಗೋವೆಗೆ ಇಳಿದರೆ ಕಾನೂನೇ ಬೇರೆ. ಅಲ್ಲಿ ಪೋರ್ತುಗೀಜರ 1867ರ ಸಂಹಿತೆಯಿಂದ ಬಂದ ಪದ್ಧತಿಯಂತೆ ವಾರಸುದಾರನು ಆಸ್ತಿಯನ್ನು ಒಪ್ಪಬಹುದು, ನಿರಾಕರಿಸಬಹುದು, ಸ್ವತ್ತಿನ ಪಟ್ಟಿಯಾಗಲಿ ಎಂದೂ ಕೇಳಬಹುದು. ನಮ್ಮ ಕಡೆ ಪಟ್ಟಿಯನ್ನು ಅವನೇ ಬರೆದಿಟ್ಟುಕೊಳ್ಳಬೇಕು.

ಆದುದರಿಂದ ನಮ್ಮ ಉಪಾಧ್ಯಾಯನು ಅಂಗಳದವರಿಗೆ ನಮಸ್ಕರಿಸಿ, ಚೀಟಿಗಳ ನಕಲನ್ನಷ್ಟೇ ಇಸಿದುಕೊಂಡು, ಒಂದು ಹೊಸ ವಹಿಯನ್ನು ತೆರೆದನೆನ್ನೋಣ. ಒಂದು ಕಡೆ ಬಂದುದು, ಇನ್ನೊಂದು ಕಡೆ ಕೊಟ್ಟುದು. ಉಪನೋಂದಣಿ ಕಚೇರಿಯಿಂದ ಋಣಭಾರದ ಪ್ರಮಾಣಪತ್ರವನ್ನೂ, ಹೆಂಚಿನ ಬಾಕಿಯನ್ನು ವಸೂಲುಮಾಡಲು ದಿವಾಣಿ ನ್ಯಾಯಸ್ಥಾನದಿಂದ ಉತ್ತರಾಧಿಕಾರದ ಪ್ರಮಾಣಪತ್ರವನ್ನೂ ಪಡೆದನು. ಗದ್ದೆಯ ಉತಾರದಲ್ಲಿ ವಾರಸಾ ದಾಖಲಿಸಲು ಮೂರು ತಿಂಗಳೊಳಗೆ ವರದಿ ಕೊಟ್ಟನು. ಭಟ್ಟಿಯನ್ನು ಮಾರಿದನು, ಆಳುಗಳ ಕೂಲಿಯನ್ನು ಎದುರಿಗೆ ಎಣಿಸಿ ಕೊಟ್ಟನು. ಗದ್ದೆಯನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ, ಅಜ್ಜನ ಕಾಲದ್ದು. ಸಂಘದ 1 ಲಕ್ಷವನ್ನು ತನ್ನ ಉಳಿತಾಯದಿಂದ ಕಟ್ಟಿ ಉತಾರದ ಮೇಲಣ ಬೋಜಾ ತೆಗೆಸಿದನು. ಉಳಿದ 3 ಲಕ್ಷದ ಬೆಲೆಯನ್ನೂ ಸಂಬಳದಿಂದ ತುಂಬಿ, ಅದನ್ನು ಕೈಗಡದವರಿಗೆ ಹಂಚಿ, ರಸೀತಿಗಳನ್ನು ವಹಿಗೆ ಅಂಟಿಸಿದನು.