ಡಿಜಿಟಲ್ ಪಿಯಾನೊನಾ, ಅರೇಂಜರ್ ಕೀಬೋರ್ಡಾ? ಮೊದಲು ಎಡಗೈನ ಕೇಳಿ

ಹಾಸನದಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಒಂದು ವರ್ಷ ಕೂಡಿಟ್ಟು 40 ಸಾವಿರ ಮಾಡ್ಕೊಂಡಿದ್ದಾರಂತೆ. ಫ್ರೆಂಡ್ಸ್ ಜೊತೆ ಆರ್ಕೆಸ್ಟ್ರಾದಲ್ಲಿ ನುಡಿಸೋ ಆಸೆ. ಡಿಜಿಟಲ್ ಪಿಯಾನೊ ತಗೊಳ್ಳಲಾ, ಅರೇಂಜರ್ ಕೀಬೋರ್ಡ್ ತಗೊಳ್ಳಲಾ ಅಂತ ಪ್ರಶ್ನೆ.

ನಾನು ತಿರುಗಿ ಕೇಳೋದು ಒಂದೇ: ನಿಮ್ಮ ಎಡಗೈ ಏನು ಕೆಲಸ ಮಾಡ್ಬೇಕು?

ಅರೇಂಜರ್‌ನಲ್ಲಿ ಎಡಗೈ ಅಂದ್ರೆ ಬ್ಯಾಂಡ್ ಮೇಷ್ಟ್ರು. ಒಂದು ಸ್ಟೈಲ್ ಹಾಕಿ, ಎಡಗೈಲಿ ಸಿ ಮೇಜರ್ ಕಾರ್ಡ್ ಹಿಡಿದ್ರೆ ಡ್ರಮ್ಸ್, ಬೇಸ್, ಗಿಟಾರ್ ಎಲ್ಲಾ ಶುರು. ಜಿ ಮೇಜರ್‌ಗೆ ಹೋದ್ರೆ ಇಡೀ ಬ್ಯಾಂಡ್ ಹಿಂದೆಯೇ ಬರುತ್ತೆ. ಬಲಗೈ ಆರಾಮಾಗಿ ಟ್ಯೂನ್ ನುಡಿಸ್ಬಹುದು. ಯಮಹಾ ಪಿಎಸ್‌ಆರ್-ಐ500 ಥರದ ಮಾಡೆಲ್‌ಗಳಲ್ಲಿ ತಬಲಾ, ತಂಬೂರಿ, ನಮ್ಮ ಕಡೆಯ ತಾಳಗಳೂ ಸಿಗುತ್ತೆ. ಗಣೇಶನ ಪೆಂಡಾಲ್, ಮದುವೆ ರಿಸೆಪ್ಷನ್‌ಗೆ ಒಬ್ಬರೇ ಹೋಗಿ ಐದು ಜನರ ಸದ್ದು ಮಾಡ್ಬಹುದು. ಹಾಸನದವರೇ, ನಿಮಗೆ ಇದೇ ಸರಿ.

ಪಿಯಾನೊದಲ್ಲಿ ಬೆನ್ನಿಗೆ ಬ್ಯಾಂಡ್ ಇಲ್ಲ. ಬೇಸ್, ಲಯ, ಕಾರ್ಡ್ ಎಲ್ಲಾ ನಿಮ್ಮ ಎಡಗೈಯೇ ಹೊರಬೇಕು. ಕಷ್ಟ, ಆದ್ರೆ ಕೈ ಪಳಗೋದು ಅಲ್ಲೇ. 1700ರ ಸುಮಾರಿಗೆ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಪಿಯಾನೊ ಮಾಡಿದಾಗ ಅದರ ವಿಶೇಷವೇ ಇದು: ಬೆರಳು ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ, ಜೋರಾಗಿ ಒತ್ತಿದ್ರೆ ಜೋರು. ಡಿಜಿಟಲ್ ಪಿಯಾನೊದ 88 ಕೀಗಳ ಒಳಗೆ ಸಣ್ಣ ಸುತ್ತಿಗೆಗಳನ್ನ ಇಡೋದು ಆ ಭಾರ ಬೆರಳಿಗೆ ಸಿಗ್ಲಿ ಅಂತ. 61 ಹಗುರ ಕೀಗಳ ಮೇಲೆ ಮೂರು ವರ್ಷ ಕಲಿತ ಮಗು ನಿಜವಾದ ಪಿಯಾನೊ ಮುಂದೆ ಕೂತ್ರೆ ಬೆರಳು ಬೇಗ ಸೋಲುತ್ತೆ. ಮಗುಗೆ ಪರೀಕ್ಷೆ ಕಟ್ಟಿಸೋರು ಇನ್ನೊಂದು ಗಮನಿಸಿ: ಟ್ರಿನಿಟಿಯಲ್ಲಿ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ ಸಿಲಬಸ್. ಮೇಷ್ಟ್ರು ಯಾವುದು ಹೇಳ್ಕೊಡ್ತಾರೆ ಅಂತ ಕೇಳ್ಕೊಂಡೇ ದುಡ್ಡು ಬಿಚ್ಚಿ.

ಕರ್ನಾಟಕ ಸಂಗೀತ ಕಲಿತೋರಿಗೆ ಬೇರೆ ತಲೆನೋವು. ಎರಡು ಸ್ವರಗಳ ನಡುವೆ ಜಾರದೆ ಗಮಕ ಹೇಗೆ ಬರಬೇಕು? ಪಿಚ್ ಬೆಂಡ್ ಚಕ್ರ ಇರೋ ಅರೇಂಜರ್‌ನಲ್ಲಿ ಸ್ವಲ್ಪ ಮಟ್ಟಿಗೆ ಆಗುತ್ತೆ. ಡಿಜಿಟಲ್ ಪಿಯಾನೊಗಳಲ್ಲಿ ಆ ಚಕ್ರ ಇರೋದು ಅಪರೂಪ.

ಆಮೇಲೆ ತೂಕ. ಯಮಹಾ ಪಿ-45 ಪಿಯಾನೊ 11.5 ಕೆಜಿ, ಪಿಎಸ್‌ಆರ್-ಇ373 ಕೀಬೋರ್ಡ್ 4.6 ಕೆಜಿ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಹೊತ್ಕೊಂಡು ಹೋಗೋರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಬಿ.ಕಾಂ. ಬುದ್ಧಿ, ಲೆಕ್ಕ ಹೇಳದೆ ಬಿಡಲ್ಲ: ಸ್ಟ್ಯಾಂಡ್, ಸಸ್ಟೇನ್ ಪೆಡಲ್, ಹೆಡ್‌ಫೋನ್ ಖರ್ಚನ್ನ ಮೊದಲೇ ತೆಗೆದಿಟ್ಟು, ಉಳಿದದ್ದನ್ನೇ ಬಜೆಟ್ ಅನ್ನಿ.

ಅಂಗಡೀಲಿ ಡೆಮೊ ಬಟನ್ ಒತ್ತಿದ್ರೆ ಎಲ್ಲವೂ ಚೆನ್ನಾಗೇ ಕೇಳ್ಸುತ್ತೆ, ಅದಕ್ಕೆ ಮರುಳಾಗ್ಬೇಡಿ. ಒಂದೇ ಕೀ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ. ಎರಡು ಸಲವೂ ಸದ್ದು ಒಂದೇ ಥರ ಬಂದ್ರೆ ಅದರಲ್ಲಿ ಟಚ್ ರೆಸ್ಪಾನ್ಸ್ ಇಲ್ಲ, ಅಥವಾ ಆಫ್ ಆಗಿದೆ. ಆನ್ ಮಾಡಿಸಿ ನೋಡಿ. ಆಗ್ಲೂ ಹಾಗೇ ಇದ್ರೆ, ಎಷ್ಟೇ ಡಿಸ್ಕೌಂಟ್ ಕೊಟ್ರೂ ಅದು ಬೇಡ.