ಗೂಗಲ್ ಡ್ರೈವ್‌ನಲ್ಲಿ ಶಾರ್ಟ್‌ಕಟ್ ಮತ್ತು ಲಿಂಕ್: ಬಸದಿ, ಸಂಘಗಳ ದಾಖಲೆ ಜೋಡಿಸುವ ಬಗೆ

ಬಸದಿಗಳ ಆಡಳಿತ ಸಮಿತಿಗಳು, ಯುವಕ ಸಂಘಗಳು, ಮಹಿಳಾ ಸಮಾಜಗಳು ಇಂದು ತಮ್ಮ ದಾಖಲೆಗಳನ್ನು ಹೆಚ್ಚಾಗಿ ಗೂಗಲ್ ಡ್ರೈವ್‌ನಲ್ಲಿ ಇಡುತ್ತಿವೆ. ಇಲ್ಲಿ ಎದುರಾಗುವ ಸಾಮಾನ್ಯ ತೊಂದರೆ ಒಂದಿದೆ. ಒಂದೇ ದಾಖಲೆ ಹಲವು ಕಡೆ ಬೇಕಾಗುತ್ತದೆ. ಬಸದಿಯ ಶಾಸನದ ಪಾಠ 'ಶಾಸನಗಳು' ಎಂಬ ಫೋಲ್ಡರ್‌ನಲ್ಲಿ ಇರಬೇಕು, ಜೀರ್ಣೋದ್ಧಾರದ ಅರ್ಜಿಯ ಫೋಲ್ಡರ್‌ನಲ್ಲೂ ಇರಬೇಕು, ಪಂಚಕಲ್ಯಾಣ ಮಹೋತ್ಸವದ ಸ್ಮರಣ ಸಂಚಿಕೆಯ ಫೋಲ್ಡರ್‌ನಲ್ಲೂ ಬೇಕು. ಮೂರು ಕಡೆ ಮೂರು ಪ್ರತಿ ಇಟ್ಟರೆ, ಮುಂದೆ ಒಂದರಲ್ಲಿ ಮಾಡಿದ ತಿದ್ದುಪಡಿ ಉಳಿದೆರಡರಲ್ಲಿ ಇರುವುದಿಲ್ಲ. ಯಾವುದು ಸರಿಯಾದ ಪಾಠವೆಂದು ಕೊನೆಗೆ ಯಾರಿಗೂ ತಿಳಿಯುವುದಿಲ್ಲ.

ಈ ತೊಂದರೆಗೆ ಡ್ರೈವ್‌ನಲ್ಲಿರುವ ಪರಿಹಾರವೇ ಶಾರ್ಟ್‌ಕಟ್. ಆದರೆ ಶಾರ್ಟ್‌ಕಟ್ ಇದ್ದ ಮಾತ್ರಕ್ಕೆ ದಾಖಲೆ ಭದ್ರವಾಗಿದೆ ಎಂದು ತಿಳಿದರೆ, ವರ್ಷಗಳ ಶ್ರಮದ ಸಂಗ್ರಹವೇ ಕೈತಪ್ಪಬಹುದು.

ಶಾರ್ಟ್‌ಕಟ್ ಎಂದರೇನು?

ಶಾರ್ಟ್‌ಕಟ್ ಮೂಲ ಕಡತದ ಪ್ರತಿಯಲ್ಲ, ಅದು ಇರುವ ಜಾಗವನ್ನು ತೋರಿಸುವ ಕೈಮರ. ಅದರ ಮೇಲೆ ಒತ್ತಿದಾಗ ತೆರೆದುಕೊಳ್ಳುವುದು ಮೂಲ ಕಡತವೇ. ಹಾಗಾಗಿ ಎಲ್ಲಿಂದ ತೆರೆದು ತಿದ್ದಿದರೂ ತಿದ್ದುಪಡಿ ಒಂದೇ ಕಡೆ ಆಗುತ್ತದೆ. ಶಾರ್ಟ್‌ಕಟ್‌ನ ಚಿಹ್ನೆಯಲ್ಲಿ ಸಣ್ಣ ಬಾಗಿದ ಬಾಣವಿರುತ್ತದೆ. ಮೂಲ ಯಾವುದು, ಶಾರ್ಟ್‌ಕಟ್ ಯಾವುದು ಎಂದು ಇದರಿಂದ ಗುರುತಿಸಬಹುದು.

ಹಿಂದೆ ಡ್ರೈವ್‌ನಲ್ಲಿ ಒಂದೇ ಕಡತವನ್ನು ಏಕಕಾಲದಲ್ಲಿ ಹಲವು ಫೋಲ್ಡರ್‌ಗಳಲ್ಲಿ ಇಡಲು ಅವಕಾಶವಿತ್ತು. 2020ರ ಸೆಪ್ಟೆಂಬರ್ ಅಂತ್ಯದಿಂದ ಗೂಗಲ್ ಆ ಪದ್ಧತಿಯನ್ನು ಕೈಬಿಟ್ಟಿತು. ಈಗ ಒಂದು ಕಡತಕ್ಕೆ ಒಂದೇ ಜಾಗ, ಉಳಿದ ಕಡೆ ಶಾರ್ಟ್‌ಕಟ್.

ಮಾಡುವ ವಿಧಾನ

ಕಂಪ್ಯೂಟರ್‌ನಲ್ಲಿ ಕಡತ ಅಥವಾ ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ 'ಆರ್ಗನೈಸ್' ಎಂಬ ಆಯ್ಕೆ ಕಾಣುತ್ತದೆ. ಅದರೊಳಗೆ 'ಆಡ್ ಶಾರ್ಟ್‌ಕಟ್' ಆರಿಸಿ, ಬೇಕಾದ ಫೋಲ್ಡರ್ ತೋರಿಸಿದರೆ ಆಯಿತು. ಮೊಬೈಲ್‌ನಲ್ಲಿ ಕಡತದ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿದರೆ ಇದೇ ಸೌಲಭ್ಯ ಸಿಗುತ್ತದೆ. ಶಾರ್ಟ್‌ಕಟ್‌ಗೆ ಬೇರೆ ಹೆಸರು ಕೊಡಬಹುದು, ಮೂಲದ ಹೆಸರು ಬದಲಾಗುವುದಿಲ್ಲ. ಶಾರ್ಟ್‌ಕಟ್ ಅಳಿಸಿದರೆ ಮೂಲಕ್ಕೆ ಏನೂ ಆಗುವುದಿಲ್ಲ.

ಲಿಂಕ್‌ನ ಉಪಯೋಗ

ಡ್ರೈವ್‌ನ ಪ್ರತಿಯೊಂದು ಕಡತಕ್ಕೂ ತನ್ನದೇ ಗುರುತಿನ ಸಂಕೇತವಿದ್ದು, ಲಿಂಕ್ ಅದನ್ನೇ ಆಧರಿಸಿದೆ. ಆದ್ದರಿಂದ ಕಡತದ ಹೆಸರು ಬದಲಿಸಿದರೂ, ಬೇರೆ ಫೋಲ್ಡರ್‌ಗೆ ಸ್ಥಳಾಂತರಿಸಿದರೂ ಹಳೆಯ ಲಿಂಕ್ ಕೆಲಸ ಮಾಡುತ್ತದೆ. ತಿದ್ದಿದ ಪಿಡಿಎಫ್ ಅನ್ನು ಹೊಸದಾಗಿ ಹಾಕಿ ಹಳೆಯದನ್ನು ಅಳಿಸಿದರೆ ಮಾತ್ರ ಲಿಂಕ್ ಕಡಿದುಹೋಗುತ್ತದೆ. ಇದಕ್ಕೆ ಬದಲಾಗಿ 'ಮ್ಯಾನೇಜ್ ವರ್ಷನ್ಸ್' ಮೂಲಕ ಹೊಸ ಆವೃತ್ತಿ ಸೇರಿಸಿದರೆ ಲಿಂಕೂ ಶಾರ್ಟ್‌ಕಟ್‌ಗಳೂ ಹಾಗೆಯೇ ಉಳಿಯುತ್ತವೆ. ಚಾತುರ್ಮಾಸದ ಕಾರ್ಯಕ್ರಮ ಪಟ್ಟಿಯಂತಹ ಮೇಲಿಂದ ಮೇಲೆ ಬದಲಾಗುವ ಪಿಡಿಎಫ್‌ಗಳಿಗೆ ಇದು ಅನುಕೂಲ.

ಅನುಮತಿ ಬೇರೆ, ಶಾರ್ಟ್‌ಕಟ್ ಬೇರೆ

ಹಂಚಿಕೊಂಡ ಫೋಲ್ಡರ್‌ನೊಳಗೆ ಮೂಲ ಕಡತವನ್ನೇ ಇಟ್ಟರೆ, ಆ ಫೋಲ್ಡರ್ ನೋಡಬಲ್ಲವರೆಲ್ಲರಿಗೂ ಕಡತ ತೆರೆಯುವ ಅನುಮತಿ ದೊರೆಯುತ್ತದೆ. ಶಾರ್ಟ್‌ಕಟ್ ಇಟ್ಟರೆ ಹಾಗಾಗುವುದಿಲ್ಲ. ಅದರ ಹೆಸರು ಎಲ್ಲರಿಗೂ ಕಾಣುತ್ತದೆ, ಆದರೆ ಮೂಲ ಕಡತ ತೆರೆಯಲು ಅದರ ಅನುಮತಿ ಪ್ರತ್ಯೇಕವಾಗಿ ಇರಬೇಕು. "ಫೋಲ್ಡರ್ ತೆರೆಯುತ್ತದೆ, ಫೈಲ್ ತೆರೆಯುತ್ತಿಲ್ಲ" ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ವಧು-ವರರ ಬಯೋಡೇಟಾ, ದಾನಿಗಳ ಫೋನ್ ನಂಬರ್, ಶ್ರಾವಕರ ಮನೆಗಳ ವಿಳಾಸ ಇರುವ ಪಟ್ಟಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. 'ಎನಿವನ್ ವಿತ್ ದ ಲಿಂಕ್' ಎಂಬ ಆಯ್ಕೆ ಇಟ್ಟರೆ, ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ದಾಟಿದ ಲಿಂಕ್ ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ. ಇಂತಹ ಕಡತಗಳನ್ನು 'ರಿಸ್ಟ್ರಿಕ್ಟೆಡ್' ಆಗಿಯೇ ಇಟ್ಟು, ಬೇಕಾದವರ ಇಮೇಲ್ ವಿಳಾಸ ಮಾತ್ರ ಸೇರಿಸುವುದು ಸರಿಯಾದ ಕ್ರಮ. ಶಾರ್ಟ್‌ಕಟ್‌ನ ಹೆಸರಿನಲ್ಲೂ ವ್ಯಕ್ತಿಗಳ ಹೆಸರು ಬರೆಯಬಾರದು.

ಒಡೆತನ ಯಾರದು?

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ವೈಯಕ್ತಿಕ ಖಾತೆಗಳಲ್ಲಿ ಕಡತದ ಒಡೆಯ ಅದನ್ನು ಅಪ್‌ಲೋಡ್ ಮಾಡಿದ ವ್ಯಕ್ತಿ. ಫೋಲ್ಡರ್ ಸಮಿತಿಯ ಹೆಸರಿನಲ್ಲಿದ್ದರೂ, ಅದರೊಳಗೆ ಸ್ವಯಂಸೇವಕರೊಬ್ಬರು ಹಾಕಿದ ಫೋಟೊಗಳು ಅವರ ಖಾತೆಗೇ ಸೇರಿರುತ್ತವೆ. ಜೀಮೇಲ್, ಡ್ರೈವ್ ಮತ್ತು ಫೋಟೋಸ್ ಮೂರಕ್ಕೂ ಸೇರಿ ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಅವರ ಪಾಲೇ ಖರ್ಚಾಗುತ್ತದೆ. ಜಾಗ ಸಾಲದಾದಾಗ ಅವರು ಆ ಫೋಟೊಗಳನ್ನು ಅಳಿಸಿದರೆ, ಅವು ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಬಳಿಕ ಶಾಶ್ವತವಾಗಿ ಹೋಗುತ್ತವೆ. ಸಮಿತಿಯ ಫೋಲ್ಡರ್‌ಗಳಲ್ಲಿ ಶಾರ್ಟ್‌ಕಟ್‌ಗಳು ಉಳಿದಿರುತ್ತವೆ, ಒತ್ತಿದರೆ ಏನೂ ತೆರೆಯುವುದಿಲ್ಲ.

ಖಾತೆಯೇ ಇಲ್ಲವಾದರೂ ಇದೇ ಗತಿ. ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಬಸದಿಗಳ ಚಿತ್ರ, ಶಾಸನಗಳ ಛಾಯಾಪ್ರತಿ, ತಾಡವೋಲೆಗಳ ಸ್ಕ್ಯಾನ್ ಸಂಗ್ರಹಿಸಿದ ಹಿರಿಯರು ದಿವಂಗತರಾದರೆ, ಮನೆಯವರಿಗೆ ಪಾಸ್‌ವರ್ಡ್ ತಿಳಿಯದೆ ಇಡೀ ಸಂಗ್ರಹ ಹೀಗೆ ಮರೆಯಾಗಬಹುದು. ಗೂಗಲ್‌ನ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್'ನಲ್ಲಿ ನಂಬಿಕಸ್ಥರ ಹೆಸರು ಮೊದಲೇ ಸೂಚಿಸಿಟ್ಟರೆ, ಖಾತೆ ನಿಗದಿತ ಅವಧಿಯವರೆಗೆ ಬಳಕೆಯಾಗದಿದ್ದಾಗ ಅವರಿಗೆ ಮಾಹಿತಿ ತಲುಪುತ್ತದೆ.

ಇದಕ್ಕೆ ಸರಳ ಸೂತ್ರವಿದೆ: ಅನುಕೂಲಕ್ಕೆ ಶಾರ್ಟ್‌ಕಟ್, ರಕ್ಷಣೆಗೆ ಪ್ರತಿ. ಸಮಿತಿಯ ಖಾತೆಯಿಂದ ಲಾಗಿನ್ ಆಗಿ 'ಮೇಕ್ ಎ ಕಾಪಿ' ಮಾಡಿದರೆ ಆ ಪ್ರತಿಯ ಒಡೆತನ ಸಮಿತಿಯ ಖಾತೆಗೆ ಬರುತ್ತದೆ. ನಂತರ ಬೇಕಾದಲ್ಲೆಲ್ಲ ಆ ಪ್ರತಿಗೇ ಶಾರ್ಟ್‌ಕಟ್ ಮಾಡಬಹುದು. ದೊಡ್ಡ ಸಂಸ್ಥೆಗಳು ಗೂಗಲ್ ವರ್ಕ್‌ಸ್ಪೇಸ್‌ನ 'ಶೇರ್ಡ್ ಡ್ರೈವ್' ಬಳಸುವುದು ಉತ್ತಮ. ಅಲ್ಲಿ ಕಡತಗಳು ವ್ಯಕ್ತಿಗೆ ಸೇರದೆ ಸಂಸ್ಥೆಗೆ ಸೇರಿರುತ್ತವೆ.

ವಿಂಡೋಸ್ ಶಾರ್ಟ್‌ಕಟ್ ಅಪ್‌ಲೋಡ್ ಮಾಡಬಾರದು

ಕಂಪ್ಯೂಟರ್‌ನ ಡೆಸ್ಕ್‌ಟಾಪ್‌ನಲ್ಲಿರುವ ಶಾರ್ಟ್‌ಕಟ್ ಅನ್ನೇ ಡ್ರೈವ್‌ಗೆ ಹಾಕಿ ಕಡತ ಸೇರಿತೆಂದು ತಿಳಿಯುವುದುಂಟು. ಅದು ತೋರಿಸುವುದು ಆ ಕಂಪ್ಯೂಟರಿನೊಳಗಿನ ದಾರಿಯನ್ನು ಮಾತ್ರ, ಬೇರೆಯವರಲ್ಲಿ ಅದು ತೆರೆಯುವುದಿಲ್ಲ. ಕೆಲವೇ ಕೆಬಿ ಗಾತ್ರ ಕಂಡರೆ ಅದು ಮೂಲ ಫೋಟೊ ಅಲ್ಲವೆಂದು ಅನುಮಾನಿಸಬೇಕು.

ಸಮಿತಿಗಳು ಪಾಲಿಸಬಹುದಾದ ಕ್ರಮ

1. ಮೂಲ ಕಡತಗಳಿಗೆಲ್ಲ 'ಮೂಲ ದಾಖಲೆ' ಎಂಬ ಒಂದೇ ಫೋಲ್ಡರ್ ಇರಲಿ. ಉಳಿದ ಫೋಲ್ಡರ್‌ಗಳಲ್ಲಿ ಶಾರ್ಟ್‌ಕಟ್ ಮಾತ್ರ ಇರಲಿ.
2. ಮೂಲ ಕಡತಗಳು ಸಮಿತಿಯ ಖಾತೆಯಲ್ಲಿರಲಿ. ಅದರ ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರಲಿ.
3. ಪದಾಧಿಕಾರಿಗಳು ಬದಲಾದಾಗ ಲೆಕ್ಕಪುಸ್ತಕದ ಜೊತೆಗೆ ಈ ಖಾತೆಯನ್ನೂ ಹಸ್ತಾಂತರಿಸಿ, ಪಾಸ್‌ವರ್ಡ್ ಬದಲಿಸಲಿ.
4. ವರ್ಷಕ್ಕೊಮ್ಮೆ ಎಲ್ಲ ಶಾರ್ಟ್‌ಕಟ್‌ಗಳನ್ನು ತೆರೆದು ನೋಡಲಿ. ತೆರೆಯದಿದ್ದರೆ ಮೂಲದ ಒಡೆಯರನ್ನು ತಡಮಾಡದೆ ಸಂಪರ್ಕಿಸಲಿ.
5. ಶಾಸನ, ತಾಡವೋಲೆ ಮತ್ತು ಆಸ್ತಿಪತ್ರಗಳ ಚಿತ್ರಗಳನ್ನು ಹಾರ್ಡ್ ಡಿಸ್ಕ್‌ನಲ್ಲೂ ಒಂದು ಪ್ರತಿ ಇಡಲಿ. ಅದರಲ್ಲಿ ಇರುವುದು ಶಾರ್ಟ್‌ಕಟ್ ಅಲ್ಲ, ಮೂಲ ಕಡತವೇ ಎಂಬುದನ್ನು ತೆರೆದು ಖಚಿತಪಡಿಸಿಕೊಳ್ಳಲಿ.